ರೈಲು ಇಳಿದ ಮಗು: ಮೊದಲ ಒಂದು ಗಂಟೆ

ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಮಕ್ಕಳ ಸಹಾಯ ಕೇಂದ್ರದಲ್ಲಿ ನಾನು ಕೆಲವು ವರ್ಷ ಕಾರ್ಯಕರ್ತೆಯಾಗಿದ್ದೆ. ಕಲಬುರಗಿ, ಯಾದಗಿರಿ, ರಾಯಚೂರು ದಾಟಿ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಬಂದು ನಿಂತಾಗ, ಗುಳೆ ಹೊರಟ ಕುಟುಂಬಗಳ ನಡುವೆ ಯಾರ ಕೈಯನ್ನೂ ಹಿಡಿಯದ ಮಗು ಇಳಿಯುತ್ತದೆಯೇ ಎಂದು ನೋಡುವುದರಿಂದ ನಮ್ಮ ದಿನ ಆರಂಭವಾಗುತ್ತಿತ್ತು. ಹಾಗೆ ಒಂಟಿಯಾಗಿ ಬಂದ ಮಗು ಪ್ಲಾಟ್‌ಫಾರ್ಮ್ ಖಾಲಿಯಾದ ಮೇಲೂ ನೀರಿನ ನಲ್ಲಿಯ ಹತ್ತಿರವೇ ಸುಳಿದಾಡುತ್ತಿರುತ್ತದೆ.

ಆ ಮಗುವಿನ ಹತ್ತಿರ ಹೋದ ಕೂಡಲೇ ಹೆಸರು, ಊರು ಕೇಳಬಾರದು ಎಂಬುದನ್ನು ನಾನು ತಡವಾಗಿ ಕಲಿತೆ. ಯಾದಗಿರಿ ಕಡೆಯ ಹದಿಮೂರು ವರ್ಷದ ಹುಡುಗನೊಬ್ಬನಿಗೆ ನಿಂತುಕೊಂಡೇ ಹೆಸರು ಕೇಳಿದ್ದಕ್ಕೆ ಅವನು ಸುಳ್ಳು ಹೆಸರು ಹೇಳಿದ. ಅವನ ಪಕ್ಕ ನೆಲದ ಮೇಲೆ ಕುಳಿತು, ನೀರಿನ ಬಾಟಲಿ ಕೊಟ್ಟು, "ಉಂಡಿಯೇನಪ್ಪ?" ಎಂದಾಗ ಮಾತ್ರ ಮುಖ ಎತ್ತಿದ. ಒಂದು ಕಾಲಿನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ಅದನ್ನು ಹಳದಿ ದಾರದಿಂದ ಬಿಗಿದಿದ್ದ. ಅಂಗಿಯ ಒಳಮಗ್ಗುಲಲ್ಲಿ ಪೆನ್ನಿನಿಂದ ಬರೆದ ಫೋನ್ ನಂಬರು ಬೆವರಿಗೆ ಅರ್ಧ ಅಳಿಸಿತ್ತು. ಅದು ಅಪ್ಪನದಲ್ಲ, ಕಟ್ಟಡದ ಕೆಲಸಕ್ಕೆ ಕರೆದ ಮೇಸ್ತ್ರಿಯದು. ಬಹಳ ಹೊತ್ತಿನ ಮೇಲೆ, "ಅಕ್ಕಾರ, ನಾ ಊರಿಗೆ ಹೋಗಂಗಿಲ್ರಿ" ಎಂದ. ಮೇಸ್ತ್ರಿ ಹೊರಗೆ ಕಾಯುತ್ತಿದ್ದಾನೆಂದು ತಿಳಿದದ್ದು ಈ ಮಾತಿನ ನಂತರವೇ.

ಮಗುವಿನ ಜೊತೆ ದೊಡ್ಡವರೊಬ್ಬರಿದ್ದರೆ ನಾನು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅವೇ ಪ್ರಶ್ನೆಗಳನ್ನು ಕೇಳುತ್ತಿದ್ದೆ: ಮನೆಯಲ್ಲಿ ಎಷ್ಟು ಮಂದಿ, ತಂಗಿಯ ಹೆಸರೇನು, ಊರಿನ ಬಸ್ಸು ಎಲ್ಲಿ ನಿಲ್ಲುತ್ತದೆ. ನಿಜವಾದ ಚಿಕ್ಕಪ್ಪನಾದವನು ತಡವರಿಸಿದರೂ ಸರಿಯಾಗಿ ಹೇಳುತ್ತಾನೆ. ಮಕ್ಕಳನ್ನು ಕೆಲಸಕ್ಕೆ ಸಾಗಿಸುವವನು ಬಲು ವೇಗವಾಗಿ ಉತ್ತರಿಸುತ್ತಾನೆ, ಮಗು ಮಾತ್ರ ಅವನ ಮುಖ ನೋಡಿ ಬಾಯಿ ತೆರೆಯುತ್ತದೆ. ಅನುಮಾನ ಬಂದೊಡನೆ ರೈಲ್ವೆ ರಕ್ಷಣಾ ಪಡೆಗೂ ಮಕ್ಕಳ ಸಹಾಯವಾಣಿ 1098 ಕ್ಕೂ ತಿಳಿಸುತ್ತಿದ್ದೆವು. ಮಗು ಸಮವಸ್ತ್ರಕ್ಕೆ ಹೆದರುವುದರಿಂದ ಪೊಲೀಸರು ಸ್ವಲ್ಪ ದೂರ ನಿಲ್ಲುವಂತೆ ಮೊದಲೇ ಕೇಳಿಕೊಳ್ಳುವುದು ನಮ್ಮ ರೂಢಿಯಾಗಿತ್ತು.

ಬಾಲ ನ್ಯಾಯ ಕಾಯ್ದೆ 2015 ರ ಪ್ರಕಾರ, ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಯೊಳಗೆ ಮಗುವನ್ನು, ಇಂಥ ಮಕ್ಕಳ ರಕ್ಷಣೆಯ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹಾಜರುಪಡಿಸುವಾಗ ಕೊಡುವ ನಮೂನೆ 17 ರಲ್ಲಿ ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆಯಲು ನಾನು ಹಟ ಹಿಡಿಯುತ್ತಿದ್ದೆ, ಏಕೆಂದರೆ "ಮನೆ ಬಿಟ್ಟು ಓಡಿಬಂದಿರುತ್ತಾನೆ" ಎಂದು ಒಂದೇ ಸಾಲಿನಲ್ಲಿ ಬರೆದರೆ ಅವನು ಏಕೆ ಬಂದ ಎಂಬುದು ಅಲ್ಲಿಗೇ ಮುಚ್ಚಿಹೋಗುತ್ತದೆ. ಮಗುವಿನ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಊರು ಪತ್ತೆ ಮಾಡೋಣ ಎಂದು ಸದುದ್ದೇಶದಿಂದಲೇ ಹೇಳುವವರಿದ್ದಾರೆ. ಮಗುವಿನ ಗುರುತನ್ನು ಬಹಿರಂಗಪಡಿಸಿದರೆ ಆರು ತಿಂಗಳ ತನಕ ಸೆರೆವಾಸ, ಎರಡು ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡನ್ನೂ ಅದೇ ಕಾಯ್ದೆ ವಿಧಿಸುತ್ತದೆ.

ಭಾಷೆಯ ವಿಷಯದಲ್ಲಿ ನನ್ನಿಂದ ದೊಡ್ಡ ತಪ್ಪಾಗಿದೆ. ಒಡಿಯಾ ಮಾತ್ರ ಬರುತ್ತಿದ್ದ ಹುಡುಗಿಯೊಬ್ಬಳ ಮಾತು ತಿಳಿಯಲು ಅಲ್ಲೇ ಸಿಕ್ಕ ಕೂಲಿಯವನೊಬ್ಬನನ್ನು ಕರೆದೆ. ಅವನು ಅವಳ ಪಕ್ಕದೂರಿನವನೇ ಆಗಿದ್ದ. ಸಂಜೆಯೊಳಗೆ ಅವಳ ಸುದ್ದಿ ಊರು ತಲುಪಿತು, ಅವಳು ಯಾರಿಗೆ ಹೆದರಿ ಬಂದಿದ್ದಳೋ ಅವನಿಗೂ ತಲುಪಿತು. ಸಮಿತಿ ಅವಳನ್ನು ಬಾಲಕಿಯರ ಬಾಲಮಂದಿರಕ್ಕೆ ಕಳುಹಿಸಿದ್ದರಿಂದ ಅನಾಹುತ ತಪ್ಪಿತು. ಅಂದಿನಿಂದ, ತಡವಾದರೂ ಸರಿ, ಮಗುವಿನ ಊರಿಗೆ ಸಂಬಂಧವಿಲ್ಲದ ದುಭಾಷಿ ಸಿಗುವವರೆಗೆ ಊಟ, ನೀರು, ನಿದ್ದೆ ಇಷ್ಟನ್ನೇ ನೋಡಿಕೊಂಡು ಸುಮ್ಮನಿರುತ್ತಿದ್ದೆ.

ಯಾದಗಿರಿಯ ಹುಡುಗನನ್ನು ಮೊದಲ ಸಲ ಬೇಗನೆ ಮನೆಗೆ ಕಳುಹಿಸಲಾಯಿತು. ಮನೆಯ ವಿಚಾರಣೆ ಫೋನಿನಲ್ಲೇ ಮುಗಿದಿತ್ತು, ತಂದೆ "ಕಳಿಸ್ರಿ" ಎಂದಿದ್ದರು, ನಮಗೂ ಒಂದು ಮಗು ಮನೆ ಸೇರಿತೆಂಬ ಸಮಾಧಾನವಿತ್ತು. ನಲವತ್ತು ದಿನಕ್ಕೆ ಅವನು ಅದೇ ಹಳದಿ ದಾರದ ಚಪ್ಪಲಿಯಲ್ಲಿ ಮತ್ತೆ ಇಳಿದ. ತಂದೆ ಮೇಸ್ತ್ರಿಯಿಂದ ಎಂಟು ಸಾವಿರ ರೂಪಾಯಿ ಮುಂಗಡ ಪಡೆದಿದ್ದರು, ಅದನ್ನು ತೀರಿಸಬೇಕಾದವನು ಈ ಹುಡುಗನಾಗಿದ್ದ. ಮಗುವನ್ನು ಮನೆಗೆ ತಲುಪಿಸಿ ಸಾಲವನ್ನು ಹಾಗೆಯೇ ಬಿಟ್ಟರೆ ಅವನನ್ನು ನಾವೇ ಮೇಸ್ತ್ರಿಯ ಕೈಗೆ ಒಪ್ಪಿಸಿದಂತಾಗುತ್ತದೆ ಎಂಬುದು ಅಂದಿನಿಂದ ನನ್ನ ದೃಢ ಅಭಿಪ್ರಾಯ.

ಎರಡನೆಯ ಸಲ ನಾವು ಅವಸರ ಮಾಡಲಿಲ್ಲ. ಮಗುವಿನ ಮನೆ, ಪರಿಸ್ಥಿತಿಯನ್ನು ವಿಚಾರಿಸುವ ಸಾಮಾಜಿಕ ತನಿಖೆಗೆ ಬಾಲ ನ್ಯಾಯ ಕಾಯ್ದೆಯಲ್ಲೇ 15 ದಿನಗಳ ಅವಕಾಶವಿದೆ. ಅಷ್ಟರಲ್ಲಿ ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದವರು ಮನೆಗೇ ಹೋಗಿ ತಾಯಿಯೊಡನೆ ಮಾತನಾಡಿದರು. ದುಡಿಮೆಗೆ ಕಟ್ಟಿಹಾಕುವ ಇಂಥ ಮುಂಗಡವನ್ನು ತೀರಿಸುವ ಹೊಣೆಯನ್ನು ಜೀತ ಪದ್ಧತಿ ನಿರ್ಮೂಲನೆ ಕಾಯ್ದೆ 1976 ರಲ್ಲಿಯೇ ಕಿತ್ತುಹಾಕಿದೆ ಎಂದು ತಂದೆಗೆ ತಿಳಿಸಿ ಹೇಳಿದರು, ಮೇಸ್ತ್ರಿಯ ಮೇಲೆ ದೂರು ದಾಖಲಾಯಿತು. ಹುಡುಗನಿಗೆ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕಿದ ಮೇಲೆ ಸಮಿತಿಯ ಆದೇಶದಂತೆ ಬೆಂಗಾವಲಿನೊಂದಿಗೆ ಅವನನ್ನು ಕಳುಹಿಸಲಾಯಿತು. ಮುಂದಿನ ಆರು ತಿಂಗಳು ಪ್ರತಿ ಶನಿವಾರ ರಾತ್ರಿ ನಿಲಯದ ವಾರ್ಡನ್‌ಗೆ ಫೋನ್ ಮಾಡಿ, ಹುಡುಗ ಊಟಕ್ಕೆ ಬಂದಿದ್ದಾನೆಯೇ ಎಂಬುದೊಂದನ್ನೇ ಕೇಳುತ್ತಿದ್ದೆ.