ಎಡಿಎಚ್‌ಡಿ ಇದ್ದಾಗ ಓದು: ಗಮನ ಜಾರಿದರೂ ಸಾಲು ತಪ್ಪದಿರಲು

ಕಣ್ಣು ಪುಟದ ಕೊನೆ ಮುಟ್ಟಿರುತ್ತದೆ, ತಲೆಯಲ್ಲಿ ಒಂದು ಸಾಲೂ ನಿಂತಿರುವುದಿಲ್ಲ. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆಯೂ ಇರಬಹುದಾದ ಸ್ಥಿತಿ, ಇರುವವರಿಗೆ ಇದು ದಿನನಿತ್ಯದ ಪಾಡು. ಇದು ಸೋಮಾರಿತನವಲ್ಲ. ಓದಿದ್ದನ್ನು ಮುಂದಿನ ವಾಕ್ಯ ಬರುವ ತನಕ ಹಿಡಿದಿಡುವ ತಾತ್ಕಾಲಿಕ ನೆನಪು ಇವರಲ್ಲಿ ಹಲವರಿಗೆ ಬೇಗ ಸಡಿಲಗೊಳ್ಳುತ್ತದೆ. ಹಾಗಾಗಿ ಗಮನ ಜಾರಲೇಬಾರದು ಎಂದು ಹೆಣಗುವ ಬದಲು, ಜಾರಿದ್ದು ಬೇಗ ಗೊತ್ತಾಗುವ ಹಾಗೆ ಏರ್ಪಾಡು ಮಾಡಿಕೊಳ್ಳಿ.

ಮೊದಲು ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಸೈಲೆಂಟ್ ಮಾಡಿ ಮಗುಚಿಟ್ಟರೆ ಸಾಲದು, ಎಟುಕುವಂತಿದ್ದರೆ ಕೈ ಹೋಗಿಯೇ ಹೋಗುತ್ತದೆ. ಬೇರೊಂದು ಟೈಮರ್, ಪೆನ್ಸಿಲ್, ಒಂದು ಖಾಲಿ ಹಾಳೆ, ಅಂಗೈಯಗಲದ ರಟ್ಟಿನ ತುಂಡು ಹತ್ತಿರವಿರಲಿ.

ಟೈಮರನ್ನು 10 ನಿಮಿಷಕ್ಕೆ ಇಡಿ. ಎಲ್ಲರೂ ಹೇಳುವ 25 ನಿಮಿಷ ಆರಂಭಕ್ಕೆ ತೀರಾ ಹೆಚ್ಚಾಗಬಹುದು. ಗಂಟೆ ಬಾರಿಸಿದೊಡನೆ ಎದ್ದು 3 ನಿಮಿಷ ಓಡಾಡಿ, ನೀರು ಕುಡಿಯಿರಿ. ಬಿಡುವಿನಲ್ಲಿ ಪರದೆ ನೋಡಿದರೆ ಮಾತ್ರ ಮರಳಿ ಬರುವುದು ಕಷ್ಟ.

ಇನ್ನು ರಟ್ಟು. ಅದನ್ನು ಓದುತ್ತಿರುವ ಸಾಲಿನ ಕೆಳಗಲ್ಲ, ಮೇಲೆ ಇಡಿ. ಓದಿ ಮುಗಿದದ್ದು ಮುಚ್ಚಿಹೋಗುತ್ತದೆ, ಕಣ್ಣು ಹಿಂದಕ್ಕೆ ಓಡುವುದಿಲ್ಲ. ಕೆಳಗಿಟ್ಟರೆ ಪ್ರತಿ ಸಾಲಿನ ಕೊನೆಗೂ ಓದು ಮುಗ್ಗರಿಸುತ್ತದೆ. ರಟ್ಟು ಬಹಳ ಹೊತ್ತು ಒಂದೇ ಕಡೆ ನಿಂತಿದೆಯೇ? ಮನಸ್ಸು ಎಲ್ಲೋ ಹೋಗಿದೆ ಎಂದರ್ಥ. ಮರಳಬೇಕಾದ ಜಾಗವೂ ಅದೇ.

ಪ್ರತಿ ಪ್ಯಾರಾ ಮುಗಿದಾಗ ನಾಲ್ಕೈದು ಪದದ ಟಿಪ್ಪಣಿ ಬರೆಯಿರಿ. ಇಡೀ ವಿಧಾನದ ಜೀವಾಳವೇ ಇದು. ಉಬ್ಬರವಿಳಿತದ ಬಗ್ಗೆ ಹತ್ತು ಸಾಲು ಓದಿದ್ದರೆ, ಅಂಚಿನಲ್ಲಿ ‘ಚಂದ್ರನ ಸೆಳೆತ, ಎರಡು ಬದಿಗೂ ಉಬ್ಬು’ ಎಂದಿದ್ದರೆ ಸಾಕು. ಪದವೇ ಹೊಳೆಯದಿದ್ದರೆ ಆ ಪ್ಯಾರಾ ಒಂದನ್ನೇ ಮತ್ತೆ ಓದಿ, ಪುಟವನ್ನಲ್ಲ. ಎರಡು ಸಲ ಓದಿದರೂ ತಲೆಗೆ ಹೋಗದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಸಾಗಿ. ಹೈಲೈಟರ್ ಇದಕ್ಕೆ ಬದಲಿಯಲ್ಲ: ಅರ್ಥವಾಗದೆಯೂ ಬಣ್ಣ ಬಳಿಯಬಹುದು, ಅರ್ಥವಾಗದೆ ಸ್ವಂತ ಮಾತಿನಲ್ಲಿ ಬರೆಯಲಾಗದು.

ನಡುವೆ ‘ಬಿಲ್ ಕಟ್ಟಬೇಕಿತ್ತು’ ಎಂಬಂಥ ಯೋಚನೆ ನುಗ್ಗಿದರೆ ಖಾಲಿ ಹಾಳೆಯಲ್ಲಿ ಒಂದೇ ಪದ ಗೀಚಿ. ಮರೆತೇನೆಂಬ ಆತಂಕ ಹೋದರೆ ಯೋಚನೆಯೂ ಸುಮ್ಮನಾಗುತ್ತದೆ. ಕೂತಲ್ಲಿ ಚಡಪಡಿಕೆಯೇ? ನಿಂತು ಓದಿ, ನಡೆಯುತ್ತಾ ಗಟ್ಟಿಯಾಗಿ ಓದಿ. ಆಡಿಯೊ ಸಿಕ್ಕರೆ ಕೇಳುತ್ತಲೇ ಪುಟದ ಮೇಲೆ ಕಣ್ಣಾಡಿಸಿ; ದನಿಯ ವೇಗ ಕಣ್ಣನ್ನು ಎಳೆದೊಯ್ಯುತ್ತದೆ.

ಮಾತ್ರೆ ತೆಗೆದುಕೊಳ್ಳುವವರು ಅದು ಚೆನ್ನಾಗಿ ಕೆಲಸ ಮಾಡುವ ಹೊತ್ತನ್ನು ವೈದ್ಯರಲ್ಲಿ ಕೇಳಿ, ಕಠಿಣ ಓದನ್ನು ಆಗಲೇ ಇಟ್ಟುಕೊಳ್ಳಿ. ಪ್ರಮಾಣವನ್ನು ತಾವೇ ಬದಲಿಸಬಾರದು. ಗಮನವಿದ್ದಾಗಲೂ ಪದಗಳನ್ನು ಗುರುತಿಸುವುದೇ ನಿಧಾನವಾದರೆ ಡಿಸ್‌ಲೆಕ್ಸಿಯಾ ಎಂಬ ಓದಿನ ತೊಂದರೆಯೂ ಜೊತೆಗಿರಬಹುದು. ಅದಕ್ಕೆ ಪರೀಕ್ಷೆ ಬೇರೆ, ನೆರವೂ ಬೇರೆ.

ಓದು ನಿಲ್ಲಿಸುವಾಗ ಅಧ್ಯಾಯ ಮುಗಿಯಲೆಂದು ಕಾಯಬೇಡಿ. ಕುತೂಹಲ ಇರುವಲ್ಲೇ ನಿಲ್ಲಿಸಿ, ಮುಂದೇನು ತಿಳಿಯಬೇಕು ಎಂಬ ಒಂದು ಪ್ರಶ್ನೆಯನ್ನು ಅದೇ ರಟ್ಟಿನ ಮೇಲೆ ಬರೆದು, ಪುಟದೊಳಗೆ ಸಿಕ್ಕಿಸಿಡಿ. ನಾಳೆ ಪುಸ್ತಕ ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಅದೇ ಪ್ರಶ್ನೆ.