ಐಸ್‌ಲ್ಯಾಂಡಿನ ರೈತರು, ಆಳುಗಳು, ಮೀನುಗಾರರ ಚರಿತ್ರೆಯನ್ನು ಮನೆಯಲ್ಲೇ ಕೂತು ಹುಡುಕುವುದು ಹೇಗೆ

ಐಸ್‌ಲ್ಯಾಂಡ್ ಅಂದ ಕೂಡಲೇ ಜ್ವಾಲಾಮುಖಿ, ವೈಕಿಂಗರು, ಹಳೆಯ ವೀರಗಾಥೆಗಳು, ಇಷ್ಟೇ ನೆನಪಿಗೆ ಬರುವುದು. ಅಲ್ಲಿ ಹಸು ಕರೆದವರು, ಉಣ್ಣೆ ನೂತವರು, ಚಳಿಗಾಲದ ಕಡಲಿಗೆ ದೋಣಿ ಇಳಿಸಿದವರು ಯಾರು ಅಂತ ಹುಡುಕಿದರೆ ಆಶ್ಚರ್ಯವಾಗುವಷ್ಟು ಕಾಗದಪತ್ರ ಸಿಗುತ್ತದೆ. ಅದೂ ಪುಕ್ಕಟೆ. ನಾನು ಕಂದಾಯ ಇಲಾಖೆಯಲ್ಲಿ ಪಹಣಿ, ಖಾತೆ, ಗೇಣಿ ತಕರಾರುಗಳ ನಡುವೆಯೇ ಇದ್ದು ನಿವೃತ್ತನಾದವನು. ರಾಜರ ವಂಶಾವಳಿಗಿಂತ ರಿಜಿಸ್ಟರ್ ಓದುವುದೇ ನನಗೆ ರುಚಿ. ನಾನು ಹುಡುಕುವ ಕ್ರಮ ಹೀಗಿದೆ.

ಮೊದಲು ಒಂದು ಒಕ್ಕಲನ್ನು, ಅಂದರೆ ಹೊಲ ಸಮೇತದ ಒಂದು ಬೇಸಾಯದ ಮನೆಯನ್ನು, ಹಿಡಿಯಿರಿ. ಇಡೀ ದೇಶಕ್ಕೆ ಕೈ ಹಾಕಬೇಡಿ. 300 ವರ್ಷದ ಹಿಂದೆ ಅಲ್ಲಿ ಕೇರಿ, ಓಣಿ ಇರುವ ಊರುಗಳೇ ಇರಲಿಲ್ಲ. ನಮ್ಮ ಮಲೆನಾಡಿನ ಒಂಟಿಮನೆಗಳ ಹಾಗೆ ಒಂದೊಂದು ಒಕ್ಕಲು ಒಂದೊಂದು ಕಡೆ. ಪ್ರತಿಯೊಂದಕ್ಕೂ ಹೆಸರಿದೆ, ಆ ಹೆಸರು ಶತಮಾನಗಳ ಕಾಲ ಬದಲಾಗಿಲ್ಲ. ಮನುಷ್ಯರ ಹೆಸರು ಹಿಡಿದು ಹೊರಟರೆ ಮಾತ್ರ ದಾರಿ ತಪ್ಪುತ್ತದೆ. ಅಲ್ಲಿ ಬಹುಮಂದಿಗೆ ಮನೆತನದ ಹೆಸರಿಲ್ಲ, ಅಪ್ಪನ ಹೆಸರೇ ಕೊನೆಯಲ್ಲಿ ಅಂಟಿಕೊಳ್ಳುತ್ತದೆ. ಯೋನ್‌ನ ಮಗ ಯೋನ್ಸನ್, ಮಗಳು ಯೋನ್ಸ್‌ದೊತ್ತಿರ್. ಮದುವೆಯಾದರೂ ಹೆಂಗಸರ ಹೆಸರು ಬದಲಾಗುವುದಿಲ್ಲ. ಯೋನ್ ಯೋನ್ಸನ್ ಅಂತ ಹುಡುಕಿ ನೋಡಿ, ಪುಟಗಟ್ಟಲೆ ಬರುತ್ತದೆ! ಒಕ್ಕಲಿನ ಹೆಸರು ಸೇರಿಸಿದ ಮೇಲೆಯೇ ಅವರಲ್ಲಿ ನಮ್ಮವನು ಯಾರು ಅಂತ ಗೊತ್ತಾಗುವುದು.

ಆಗ್ನೇಯದ ಸ್ಕಾಫ್ತಾಫೆಲ್ ಮತ್ತು ಪೂರ್ವದ ಮೂಲಾ ಜಿಲ್ಲೆಗಳನ್ನು ಶುರುವಿಗೆ ಆರಿಸಿಕೊಳ್ಳಬೇಡಿ. ಅಲ್ಲಿನ ಭೂದಾಖಲೆ 1728ರ ಕೋಪನ್‌ಹೇಗನ್ ಬೆಂಕಿಯಲ್ಲಿ ಹೋಯಿತು. ದೇಶವನ್ನು ಆಳುತ್ತಿದ್ದುದು ಡೆನ್ಮಾರ್ಕ್, ಕಾಗದವೂ ಅಲ್ಲೇ ಇತ್ತು. ದಕ್ಷಿಣ ಕರಾವಳಿಯ ಸ್ಟೊಕ್ಸೆಯ್ರಿ ಸುತ್ತಮುತ್ತ ಹೊಸಬರಿಗೆ ಅನುಕೂಲ. ಬೇಸಾಯ, ಮೀನುಗಾರಿಕೆ ಎರಡೂ ಒಂದೇ ಕಡೆ ನೋಡಲು ಸಿಗುತ್ತವೆ.

ಎರಡನೆಯದು ಜನಗಣತಿ. ಐಸ್‌ಲ್ಯಾಂಡಿನ ರಾಷ್ಟ್ರೀಯ ದಾಖಲೆ ಭಂಡಾರ ನಡೆಸುವ ಮನ್ತಾಲ್ ಡಾಟ್ ಐಎಸ್ ತೆರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗ ನಡುವಿನ ಎನ್ ಎರಡು ಸಲ ಹಾಕಬೇಕು. 1703ರ ಗಣತಿಯಿಂದ ಶುರು ಮಾಡಿ. 1690ರ ದಶಕದ ಬರಗಾಲದಲ್ಲಿ ನೊಂದ ಜನ ರಾಜನಿಗೆ ಮೊರೆಯಿಟ್ಟರು. ನಾಲ್ಕನೆಯ ಫ್ರೆಡರಿಕ್ ಪರಿಶೀಲನೆಗೆ ಆರ್ನಿ ಮಾಗ್ನುಸ್ಸನ್, ಪಾಲ್ ವಿದಾಲಿನ್ ಎಂಬಿಬ್ಬರನ್ನು ನೇಮಿಸಿದ. ಅವರು ಒಟ್ಟು 50,358 ಜನರನ್ನು ಹೆಸರು, ವಯಸ್ಸು, ಮನೆಯಲ್ಲಿ ಅವರ ಸ್ಥಾನದ ಸಮೇತ ಬರೆಸಿದರು. ಗಂಡಸರು 22,867, ಹೆಂಗಸರು 27,491. ಇಷ್ಟೊಂದು ವ್ಯತ್ಯಾಸ ಯಾಕೆ ಅಂತ ಕೇಳಿದರೆ, ಕಡಲಿನ ಪಾಲಾದ ಗಂಡಸರನ್ನು ನೆನೆಯಬೇಕು. ಅದೊಂದೇ ಕಾರಣ ಅಂತಲ್ಲ, ದೊಡ್ಡ ಕಾರಣ.

ಗಣತಿಯಲ್ಲಿ ಹೆಸರಿನ ಪಕ್ಕದ ಕಾಲಮ್ಮೇ ಮುಖ್ಯ. ಯಜಮಾನ, ಯಜಮಾನಿಯ ಕೆಳಗೆ ಆಳುಗಂಡು, ಆಳುಹೆಣ್ಣು ಬರುತ್ತಾರೆ. ಅವರ ಕೆಳಗೆ, ಊರವರ ಖರ್ಚಿನಲ್ಲಿ ಬೇರೆಯವರ ಮನೆಗೆ ಹಾಕಿದ ಬಡವರು. ಅನಾಥ ಮಕ್ಕಳು, ಮುದುಕರು ಇದರಲ್ಲೇ ಜಾಸ್ತಿ. ಮನೆಯವರ ವಯಸ್ಸುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೂವತ್ತು ದಾಟಿಯೂ ಮದುವೆಯಾಗದ ಆಳುಗಳು ಎಷ್ಟೊಂದು ಅಂತ ಕಾಣುತ್ತದೆ. ಸ್ವಂತಕ್ಕೆ ಅಥವಾ ಗೇಣಿಗೆ ಒಕ್ಕಲು ಇಲ್ಲದವನು ಯಾರದ್ದಾದರೂ ಮನೆಯಲ್ಲಿ ವರ್ಷದ ಆಳಾಗಿ ಇರಲೇಬೇಕು ಅಂತ ಅಲ್ಲಿ ಕಾನೂನಿತ್ತು. ಭೂಮಿ ಇಲ್ಲ ಅಂದರೆ ಸಂಸಾರವೂ ದೂರ. ಆ ಕಾನೂನು 1863ರಲ್ಲಿ ಸ್ವಲ್ಪ ಸಡಿಲವಾಯಿತು, 1894ರಲ್ಲಿ ಬಹುಪಾಲು ಬಿದ್ದುಹೋಯಿತು.

ಈಗ ಅದೇ ಒಕ್ಕಲನ್ನು 1801ರ ಗಣತಿಯಲ್ಲಿ ನೋಡಿ. ದೇಶದ ಒಟ್ಟು ಜನ 47,240. ನೂರು ವರ್ಷದಲ್ಲಿ ಜನ ಕಡಿಮೆಯಾಗಿದ್ದಾರೆ! ನಡುವೆ ಎರಡು ದೊಡ್ಡ ಏಟು ಬಿದ್ದಿವೆ. 1707ರಿಂದ 1709ರವರೆಗಿನ ಸಿಡುಬು ಒಂದು. 1783ರ ಜೂನ್ 8ಕ್ಕೆ ಶುರುವಾದ ಲಾಕಿ ಜ್ವಾಲಾಮುಖಿ ಇನ್ನೊಂದು. ಲಾವಾ ಹರಿದು ಸತ್ತವರಿಗಿಂತ, ವಿಷಗಾಳಿಯಿಂದ ಹುಲ್ಲು ಕೆಟ್ಟು, ಕುರಿ ದನ ಸತ್ತು, ಆಮೇಲೆ ಹಸಿವಿನಿಂದ ಸತ್ತವರೇ ಹೆಚ್ಚು. ಐದರಲ್ಲೊಬ್ಬರು ಹೋದರು. ನಿಮ್ಮ ಒಕ್ಕಲಿನಲ್ಲಿ ಹಳೆಯ ಮನೆಯವರ ಸುಳಿವೇ ಸಿಗದಿದ್ದರೆ ಅದಕ್ಕೆ ಇದೂ ಒಂದು ಕಾರಣ ಇರಬಹುದು.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು, ಭೂದಾಖಲೆ. ಆ ಇಬ್ಬರೇ 1702ರಿಂದ ಒಕ್ಕಲಿಂದ ಒಕ್ಕಲಿಗೆ ಲೆಕ್ಕ ಬರೆಸಿದ್ದು. 1913ರಿಂದ ಇದು ಸಂಪುಟಗಳಾಗಿ ಅಚ್ಚಾಗಿದೆ, ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿವೆ. ಒಂದು ಒಕ್ಕಲಿನ ಪುಟದಲ್ಲಿ ಇಷ್ಟನ್ನು ಗುರುತು ಮಾಡಿಕೊಳ್ಳಿ: ಒಡೆಯ ಯಾರು, ಗೇಣಿ ಎಷ್ಟು, ಹಸು ಕುರಿ ಎಷ್ಟು, ಬಿಟ್ಟಿ ಕೆಲಸ ಏನು. ಒಡೆಯ ಚರ್ಚಾಗಿರಬಹುದು, ರಾಜನಾಗಿರಬಹುದು. ಸ್ವಂತ ಭೂಮಿಯಿದ್ದ ರೈತರು ಬಹಳ ಕಮ್ಮಿ. ಭೂಮಿಯ ಜೊತೆ ಒಡೆಯನ ಹಸುಗಳೂ ಗೇಣಿಗೆ ಬರುತ್ತಿದ್ದವು. ಒಂದು ಹಸುವಿಗೆ ವರ್ಷಕ್ಕೆ 20 ಪೌಂಡು ಬೆಣ್ಣೆ. ಹಸು ಮುದಿಯಾಗಿ ಸತ್ತರೆ ಹೊಸದನ್ನು ತುಂಬಿಕೊಡುವ ಹೊರೆ ರೈತನ ಮೇಲೇ ಬೀಳುತ್ತಿತ್ತು, ಆ ದೂರು ದಾಖಲೆಯಲ್ಲೇ ಇದೆ. ಬಿಟ್ಟಿಯೆಂದರೆ ಮೀನಿನ ಕಾಲದಲ್ಲಿ ಒಡೆಯನ ದೋಣಿಗೆ ಒಬ್ಬ ಆಳನ್ನು ಕಳಿಸುವುದು, ಹುಲ್ಲು ಕೊಯ್ಲಿಗೆ ಹೋಗುವುದು, ಕುದುರೆ ಕೊಡುವುದು.

ಲೆಕ್ಕ ಮಾಡುವಾಗ ಒಂದು ಎಚ್ಚರ. ಅವರ 'ನೂರು' ಅಂದರೆ 120, ಅಂದರೆ 120 ಮೊಳ ಉಣ್ಣೆಬಟ್ಟೆಯ ಬೆಲೆ. ಭೂಮಿಯ ಬೆಲೆ ಇಷ್ಟು ನೂರು ಅಂತ ಬರೆದಿರುತ್ತಾರೆ. ಒಂದು ನೂರು ಅಂದರೆ ಒಂದು ಹಸು, ಅಥವಾ ಆರು ಕುರಿ, ಅಥವಾ 240 ಮೀನು.

ಇನ್ನೊಂದು ಮಾತು, ಕಂದಾಯದವನಾಗಿ ಹೇಳುತ್ತೇನೆ. ಸರ್ಕಾರದವರು ಬಂದು ಎಷ್ಟು ಕುರಿ ಅಂತ ಕೇಳಿದರೆ ಯಾವ ರೈತ ಪೂರ್ತಿ ಹೇಳಿದ್ದಾನೆ? ತೆರಿಗೆ ಏರುತ್ತದೆ ಅನ್ನೋ ಭಯ ಅವನಿಗೂ ಇತ್ತು. ಹುಲ್ಲುಗಾವಲು ಕೆಟ್ಟಿದೆ, ಹೊಳೆ ಮಣ್ಣು ತಿಂದಿದೆ ಅನ್ನುವ ಸಾಲುಗಳು ಪುಟಪುಟದಲ್ಲೂ ಬರುತ್ತವೆ. ಕೆಲವು ನಿಜ, ಕೆಲವು ಜಾಸ್ತಿ ಮಾಡಿ ಹೇಳಿದ್ದು. ಪಕ್ಕದ ನಾಲ್ಕು ಒಕ್ಕಲಿನ ಪುಟ ಹೋಲಿಸದೆ ಯಾವುದನ್ನೂ ನಂಬಬೇಡಿ. ಹಾಗಂತ ಭಯಕ್ಕೆ ಕಾರಣ ಇರಲಿಲ್ಲವೆಂದೂ ತಿಳಿಯಬೇಡಿ. ವ್ಯಾಪಾರವೆಲ್ಲ ಡೇನರ ಗುತ್ತಿಗೆ, ಯಾವ ಪ್ರದೇಶದವನು ಯಾವ ಬಂದರಿನಲ್ಲಿ ಮಾರಬೇಕು ಅನ್ನುವುದೂ ಅವರದೇ ಕಟ್ಟಪ್ಪಣೆ. ಹೋಲ್ಮ್‌ಫಾಸ್ತುರ್ ಗುಡ್ಮುಂಡ್ಸನ್ ಎಂಬ ಬಡವ ಕೆಲವೇ ಮೀನುಗಳನ್ನು ಹಾಫ್ನಾರ್‌ಫ್ಯೊರ್ದುರ್ ಬಿಟ್ಟು ಕೆಫ್ಲಾವಿಕ್‌ನಲ್ಲಿ ಮಾರಿದ ಅಂತ 1699ರಲ್ಲಿ ಅವನಿಗೆ ಚಾಟಿಯೇಟು ಹೊಡೆಸಿದರು.

ಗಣತಿಯ ಹೆಸರುಗಳು ಕೈಗೆ ಬಂದ ಮೇಲಷ್ಟೇ ಚರ್ಚಿನ ಪುಸ್ತಕಗಳಿಗೆ ಹೋಗಿ. ಕೈಬರಹ ಕಷ್ಟ. ಆದರೆ ಮನೆಯಲ್ಲಿ ಯಾರ್ಯಾರಿದ್ದರು ಅಂತ ಮೊದಲೇ ಗೊತ್ತಿದ್ದರೆ ಅಕ್ಷರ ತಾನಾಗಿ ಬಿಡಿಸಿಕೊಳ್ಳುತ್ತದೆ. 18ನೇ ಶತಮಾನದ ನಡುವಿನಿಂದ ಪಾದ್ರಿ ಮನೆಮನೆಗೆ ಹೋಗಿ ಯಾರಿಗೆ ಓದಲು ಬರುತ್ತದೆ ಅಂತ ಪರೀಕ್ಷೆ ಮಾಡಬೇಕಿತ್ತು. ಆಳುಹೆಣ್ಣಿನ ಓದು, ನಡತೆಯ ಬಗ್ಗೆಯೂ ಒಂದೊಂದು ಪದ ಬರೆದಿಟ್ಟಿದ್ದಾರೆ. ಪಾದ್ರಿಯ ಅಭಿಪ್ರಾಯ ಪಾದ್ರಿಯದ್ದು, ಅಷ್ಟೇ.

ಸ್ಟೊಕ್ಸೆಯ್ರಿ ಹಿಡಿದವರು ಥುರಿದುರ್ ಎಯ್ನಾರ್ಸ್‌ದೊತ್ತಿರ್ ಎಂಬ ಹೆಂಗಸನ್ನು ಬಿಡಬಾರದು. 1777ರಲ್ಲಿ ಹುಟ್ಟಿ 1863ರಲ್ಲಿ ತೀರಿಕೊಂಡವಳು. ಚಿಕ್ಕ ವಯಸ್ಸಿನಲ್ಲೇ ಅಪ್ಪನ ದೋಣಿ ಹತ್ತಿ, ಮುಂದೆ ಗಂಡಸರ ತಂಡಕ್ಕೆ ತಾನೇ ನಾಯಕಿಯಾದಳು. ಪ್ಯಾಂಟು ತೊಡುತ್ತಿದ್ದಳು. 1827ರಲ್ಲಿ ಕಾಂಬುರ್ ಒಕ್ಕಲಿನ ದರೋಡೆಯ ಸುಳಿವು ಹಿಡಿದುಕೊಟ್ಟವಳೂ ಅವಳೇ. 1801ರಿಂದ 1860ರವರೆಗಿನ ಗಣತಿಗಳೆಲ್ಲ ಅವಳ ಬದುಕಿನೊಳಗೇ ಬರುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ.

ಪತ್ರಿಕೆಗಳು ತೀಮಾರಿತ್ ಡಾಟ್ ಐಎಸ್‌ನಲ್ಲಿವೆ. 1870ರ ನಂತರ ನೀವು ಹುಡುಕುತ್ತಿರುವ ಮನೆಯವರು ದಾಖಲೆಯಿಂದ ಮಾಯವಾದರೆ ಕೆನಡಾ ಕಡೆ ನೋಡಿ. ಸಾವಿರಾರು ಜನ ಹಡಗು ಹತ್ತಿದರು, ಕೆಲವರು 1875ರಿಂದ ವಿನ್ನಿಪೆಗ್ ಸರೋವರದ ದಡದ ಗಿಮ್ಲಿಯಲ್ಲಿ ನೆಲೆ ನಿಂತರು. ಅವರ ಹೈಮ್ಸ್‌ಕ್ರಿಂಗ್ಲಾ, ಲೊಗ್ಬೆರ್ಗ್ ಪತ್ರಿಕೆಗಳೂ ಅದೇ ತಾಣದಲ್ಲಿವೆ. ಮರಣವಾರ್ತೆಯ ಅಂಕಣ ಮೊದಲು ಓದಿ, ಹುಟ್ಟಿದ ಒಕ್ಕಲಿನ ಹೆಸರು ಅಲ್ಲೇ ಸಿಗುವುದುಂಟು. ಈಸ್ಲೆಂಡಿಂಗಾಬೋಕ್ ಎಂಬ ದೊಡ್ಡ ವಂಶಾವಳಿ ತಾಣವೂ ಇದೆ. ಅದಕ್ಕೆ ಆ ದೇಶದ ಗುರುತಿನ ಸಂಖ್ಯೆ ಬೇಕು. ನಮಗೆ ಬಾಗಿಲು ತೆರೆಯುವುದಿಲ್ಲ, ಸುಮ್ನೆ ಸಮಯ ಕಳೆಯಬೇಡಿ.