ಹಳೇ ಡಾಸ್ ಪ್ರೋಗ್ರಾಮನ್ನು ಪ್ಯಾಕ್ ಮಾಡುವುದು, ಬಿಚ್ಚುವುದು

1992ರಲ್ಲಿ ಸಾಗರದ ಒಂದು ಅಡಿಕೆ ಮಂಡಿಗೆ ಕ್ಲಿಪ್ಪರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಎಕ್ಸಿ ಫೈಲು (ನೇರ ಓಡುವ ಪ್ರೋಗ್ರಾಮ್ ಫೈಲು) 400 ಕೆಬಿ ಚಿಲ್ಲರೆ. ಅವರ ಮಷೀನಿಗೆ ಇದ್ದದ್ದು 360 ಕೆಬಿ ಫ್ಲಾಪಿ ಡ್ರೈವು, ಒಂದರಲ್ಲಿ ಹಿಡಿಯುವುದು 3,62,496 ಬೈಟು, ಅಷ್ಟೇ. ಗೆಳೆಯನೊಬ್ಬ ಎಲ್‌ಝಡ್‌ಎಕ್ಸಿ ಕೊಟ್ಟ, ಎಕ್ಸಿ ಫೈಲನ್ನು ಕುಗ್ಗಿಸಿ ಪ್ಯಾಕ್ ಮಾಡುವ ಸಾಧನ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 1989ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಬರೆದದ್ದು. (ಮುಂದೆ ವಿಡಿಯೋ ಬದಲಿಸುವ ಎಫ್‌ಎಫ್‌ಎಂಪೆಗ್, ಕಂಪ್ಯೂಟರನ್ನೇ ಅನುಕರಿಸುವ ಕ್ಯೂಇಎಂಯು ಶುರುಮಾಡಿದವನೂ ಇವನೇ.) ಫೈಲು ಅರ್ಧಕ್ಕಿಂತ ಕಡಿಮೆಯಾಯಿತು. ಓಡಿಸಿದೆ, ಮೆನು ಬಂತು, ಖುಷಿಯಲ್ಲಿ ಬಸ್ಸು ಹತ್ತಿದೆ.

ಎರಡು ದಿನ ಬಿಟ್ಟು ಗುಮಾಸ್ತರ ಫೋನು: "ಭಟ್ರೇ, ಮೆನು ಏನೋ ಬರ್ತದೆ. ಪಟ್ಟಿ ಒತ್ತಿದ್ರೆ ಕಲ್ಲು ಬಿದ್ದ ಹಾಗೆ ನಿಂತುಬಿಡ್ತದೆ."

ಯಾಕೆ ನಿಂತಿತು ಅನ್ನುವುದೇ ಈ ಕೆಲಸದ ಮುಖ್ಯ ಪಾಠ. ಹಳೇ ಫ್ಲಾಪಿಗಳಿಂದ ಪ್ರೋಗ್ರಾಮ್ ಎತ್ತಿ ಡಾಸ್‌ಬಾಕ್ಸಿನಲ್ಲಿ (ಇವತ್ತಿನ ಮಷೀನಿನಲ್ಲಿ ಡಾಸ್ ಅನುಕರಿಸುವ ಪ್ರೋಗ್ರಾಮ್) ಓಡಿಸುವವರು, ಹಳೇ ಮಷೀನಿಗೆ ಹೊಸದಾಗಿ ಬರೆಯುವವರು ಇವತ್ತೂ ಎಡವುವುದು ಅಲ್ಲೇ.

ಮೊದಲು ಒಳಗೆ ಏನಾಗುತ್ತದೆ ನೋಡಿ. ಭಜನೆ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಪೂರ್ತಿ ಅಚ್ಚು ಹಾಕಿ, ಪ್ರತಿ ಚರಣದ ಕೊನೆಗೆ ಬರೀ 'ಪ' ಅಂತ ಗುರುತು ಹಾಕುತ್ತಾರಲ್ಲ, ಅದೇ ಉಪಾಯ. ಲೆಂಪೆಲ್ ಮತ್ತು ಝಿವ್ 1977ರಲ್ಲಿ ಹೇಳಿದ್ದು ಇದನ್ನೇ: ಒಮ್ಮೆ ಬಂದ ಬೈಟುಗಳ ಸಾಲು ಮತ್ತೆ ಬಂದರೆ 'ಇಷ್ಟು ಹಿಂದೆ ಹೋಗು, ಇಷ್ಟು ಎತ್ತಿಕೋ' ಅಂತ ಬರೆದರೆ ಸಾಕು. ಮೈಕ್ರೋಸಾಫ್ಟ್ ಲಿಂಕರಿನ (ತುಂಡುಗಳನ್ನು ಜೋಡಿಸಿ ಎಕ್ಸಿ ಮಾಡುವ ಸಾಧನ) ಪ್ಯಾಕ್ ಮಾಡುವ ಸೌಲಭ್ಯ ಎಕ್ಸಿಪ್ಯಾಕ್‌ಗೆ ಇಷ್ಟು ಜಾಣತನ ಇರಲಿಲ್ಲ. ಒಂದೇ ಬೈಟು ಸಾಲಾಗಿ ನಿಂತಿದ್ದರೆ ಮಾತ್ರ 'ಸೊನ್ನೆ, ಇನ್ನೂರು ಸಲ' ಅಂತ ಬರೆಯುತ್ತಿತ್ತು. ಕೋಡಿನಲ್ಲಿ ಅಂಥ ಸಾಲು ಎಷ್ಟಿದ್ದೀತು?

ಪ್ಯಾಕ್ ಆದ ಫೈಲಿನಲ್ಲಿ ಬಿಚ್ಚುವ ಸಣ್ಣ ಕೋಡೂ ಸೇರಿರುತ್ತದೆ. ಎಂಟರ್ ಒತ್ತಿದಾಗ ಮೊದಲು ಓಡುವುದು ಅದು. ಮೆಮೊರಿಯಲ್ಲೇ ಎಲ್ಲವನ್ನೂ ಹರಡಿ, ವಿಳಾಸಗಳನ್ನು ಸರಿಮಾಡಿ, ಅಸಲಿ ಪ್ರೋಗ್ರಾಮಿಗೆ ನೆಗೆಯುತ್ತದೆ. ಹಾಗಾಗಿ ಉಳಿಯುವುದು ಡಿಸ್ಕಿನ ಜಾಗ ಮಾತ್ರ, ಡಾಸ್‌ನ 640 ಕೆಬಿ ಮೆಮೊರಿಯಲ್ಲಿ ಒಂದು ಬೈಟೂ ಉಳಿಯುವುದಿಲ್ಲ. ಸಣ್ಣ ಫೈಲಿಗೆ ಡಿಸ್ಕಿನ ಲಾಭವೂ ಇಲ್ಲ: 2,048 ಬೈಟಿನ ಕ್ಲಸ್ಟರ್ (ಡಿಸ್ಕು ಜಾಗ ಹಂಚುವ ಕನಿಷ್ಠ ತುಂಡು) ಇರುವ ಹಾರ್ಡ್ ಡಿಸ್ಕಿನಲ್ಲಿ 5,000 ಬೈಟಿನದನ್ನು 4,200ಕ್ಕೆ ಇಳಿಸಿದರೂ ತಿನ್ನುವುದು ಅದೇ ಮೂರು ಕ್ಲಸ್ಟರು.

ಈಗ ಕೆಲಸ. ಕೈಗೆ ಸಿಕ್ಕ ಫೈಲನ್ನು ಮೊದಲು ನಕಲು ಮಾಡಿ, ಮೂಲವನ್ನು ಬೇರೆ ಕಡೆ ಇಡಿ. ನಕಲಿನ ಹೆಸರಿನ ಕೊನೆಯ ಎಕ್ಸಿಯನ್ನು ಬಿಐಎನ್ ಅಂತ ಬದಲಿಸಿ. ಇದನ್ನು ಮರೆಯಬೇಡಿ: ಎಕ್ಸಿ ಹೆಸರಲ್ಲೇ ತೆರೆದರೆ ಡೀಬಗ್ (ಫೈಲಿನ ಬೈಟುಗಳನ್ನು ತೋರಿಸುವ ಡಾಸ್ ಸಾಧನ) ಅದನ್ನು ಪ್ರೋಗ್ರಾಮ್ ಅಂತ ಲೋಡ್ ಮಾಡಿ ತಲೆಭಾಗವನ್ನು ತೋರಿಸುವುದೇ ಇಲ್ಲ. (ಮಾಮೂಲಿ ಡಾಸ್‌ಬಾಕ್ಸಿನಲ್ಲಿ ಡೀಬಗ್ ಇರುವುದಿಲ್ಲ, ಫ್ರೀಡಾಸ್ ಎಂಬ ಉಚಿತ ಡಾಸ್‌ನದನ್ನು ತಂದು ಹಾಕಿಕೊಳ್ಳಿ.) ಡೀಬಗ್‌ನಲ್ಲಿ ಫೈಲು ತೆರೆದು 'ಡಿ 100' ಕೊಡಿ, ಎಂಟು ಸಾಲು ಬರುತ್ತದೆ. ಸಂಖ್ಯೆಗಳು ಹದಿನಾರರ ಎಣಿಕೆಯವು (ಹೆಕ್ಸ್). ಮೊದಲ ಎರಡು ಬೈಟು 4ಡಿ 5ಎ, ಅಂದರೆ ಎಂ ಮತ್ತು ಝಡ್. ಮೈಕ್ರೋಸಾಫ್ಟಿನ ಮಾರ್ಕ್ ಝ್ಬಿಕೋವ್‌ಸ್ಕಿಯ ಇನಿಷಿಯಲ್ಲು.

ಎರಡನೇ ಸಾಲಿನ ಬಲತುದಿ ನೋಡಿ. ಕೊನೆಯ ನಾಲ್ಕು ಅಕ್ಷರ 'ಎಲ್‌ಝಡ್91' ಆಗಿದ್ದರೆ ಎಲ್‌ಝಡ್‌ಎಕ್ಸಿಯ 0.91ನೇ ಆವೃತ್ತಿ, 'ಎಲ್‌ಝಡ್09' ಆಗಿದ್ದರೆ ಅದಕ್ಕಿಂತ ಹಳೆಯದು. ಸಾಲಿನ ಕೊನೆಗೆ 'ಪಿಕೆ' ಇದ್ದು ಮುಂದಿನ ಸಾಲು 'ಲೈಟ್' ಅಂತ ಶುರುವಾದರೆ ಪಿಕೆಲೈಟ್, ಪಿಕೆಝಿಪ್ ಮಾಡಿದ ಕಂಪನಿಯದೇ.

ಇನ್ನು ನನ್ನನ್ನು ಮಂಡಿಯಲ್ಲಿ ತಲೆ ತಗ್ಗಿಸುವಂತೆ ಮಾಡಿದ ಲೆಕ್ಕ. ಮೊದಲ ಸಾಲು 4ಡಿ 5ಎ 50 01 ಎ3 00 ಅಂತ ಇದೆ ಅಂದುಕೊಳ್ಳಿ. ಜೋಡಿಗಳನ್ನು ಮಗುಚಿ ಓದಬೇಕು. 0150 ಅಂದರೆ 336, ಕೊನೆಯ ಪುಟದಲ್ಲಿರುವ ಬೈಟು. 00ಎ3 ಅಂದರೆ 163, ಒಟ್ಟು ಪುಟ, ಪುಟಕ್ಕೆ 512 ಬೈಟು. 162 ತುಂಬಿದ ಪುಟ, ಜೊತೆಗೆ 336: ಒಟ್ಟು 83,280. ಇದು ತಲೆಭಾಗ ಹೇಳುವ ಅಳತೆ. ಫೈಲುಗಳ ಗಾತ್ರ ತೋರಿಸುವ ಡಿಐಆರ್ ಕಮಾಂಡ್ ಕೂಡ ಅಷ್ಟೇ ತೋರಿಸಿದರೆ ನಿಶ್ಚಿಂತೆಯಿಂದ ಪ್ಯಾಕ್ ಮಾಡಿ. ಅದು 1,40,000 ಅಂದರೆ ಫೈಲಿನ ಹಿಂದೆ ಬಾಲ ಇದೆ ಅಂತ ಅರ್ಥ, ಹೆಚ್ಚಾಗಿ ಓವರ್‌ಲೇ. ಪ್ರೋಗ್ರಾಮು ಬೇಕಾದಾಗ ಮಾತ್ರ ತನ್ನದೇ ಫೈಲಿನಿಂದ ಆ ತುಂಡನ್ನು ಓದಿಕೊಳ್ಳುತ್ತದೆ. ಫೈಲು ಕುಗ್ಗಿದರೆ ಬಾಲ ಇದ್ದ ಜಾಗವೇ ಬೇರೆ, ಅದು ಹುಡುಕುವುದು ಹಳೇ ಜಾಗದಲ್ಲಿ. ನನ್ನ ಮೆನು ಮುಂಭಾಗದಲ್ಲಿತ್ತು, ಪಟ್ಟಿ ಬಾಲದಲ್ಲಿತ್ತು. ಅದರ ಮೇಲೆ ಮೂಲ ಫೈಲನ್ನು ಅಳಿಸಿ ಕೂತಿದ್ದೆ. ಮತ್ತೆ ಕಂಪೈಲ್ ಮಾಡಿ, ಬ್ಯಾಕಪ್ ಕಮಾಂಡಿನಿಂದ ಎರಡು ಫ್ಲಾಪಿಗೆ ಹಂಚಿ ಒಯ್ದೆ. ಮೊದಲೇ ಹಾಗೆ ಮಾಡಿದ್ದರೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು.

ಇವತ್ತು ಹೊಸದಾಗಿ ಪ್ಯಾಕ್ ಮಾಡಲು ಯುಪಿಎಕ್ಸ್ ಎಂಬ ಪ್ಯಾಕರ್ ಒಂದೇ ಸಾಕು. ಡಾಸ್‌ನ ಎಕ್ಸಿ, ಕಾಂ, ಸಿಸ್ ಮೂರನ್ನೂ ಒಪ್ಪುತ್ತದೆ. ಎಕ್ಸ್‌ಟಿಯಂಥ (8086 ಬಗೆಯ ಪ್ರೊಸೆಸರಿನ) ಹಳೇ ಮಷೀನಿಗೆ ಒಯ್ಯುವುದಿದ್ದರೆ ಎರಡು ಅಡ್ಡಗೆರೆ ಹಾಕಿ 8086 ಅಂತ ಸೇರಿಸಿ, ಇಲ್ಲವಾದರೆ ಅಲ್ಲಿ ಏಳದೇ ಹೋಗಬಹುದು. ಒಂದು ಅಡ್ಡಗೆರೆ ಹಾಕಿ 'ಟಿ' ಅಂದರೆ ಪರೀಕ್ಷೆ, 'ಡಿ' ಅಂದರೆ ಬಿಚ್ಚುವುದು. ಮೆನುವಿನ ಪ್ರತಿಯೊಂದನ್ನೂ ಒತ್ತಿ ನೋಡುವ ಕೆಲಸ ಮಾತ್ರ ನಿಮ್ಮದೇ. ಬೇರೆ ಪ್ಯಾಕರಿನಲ್ಲಿ ಪ್ಯಾಕ್ ಮಾಡಿದ್ದನ್ನು ಯುಪಿಎಕ್ಸ್ ಬಿಚ್ಚುವುದಿಲ್ಲ. ಎಲ್‌ಝಡ್‌ಎಕ್ಸಿಗೆ ಅನ್‌ಎಲ್‌ಝಡ್‌ಎಕ್ಸಿ ಇದೆ, ಪಿಕೆಲೈಟ್‌ನದಕ್ಕೆ ಪಿಕೆಲೈಟೇ ಆಗುತ್ತದೆ, ಹಲವು ಬಗೆಯದನ್ನು ಒಟ್ಟಿಗೆ ನಿಭಾಯಿಸಲು ಯುಎನ್‌ಪಿ.

ಕೊನೆಗೆ, ಹಳೇ ಪ್ರೋಗ್ರಾಮ್ ಓಡಿಸಿದಾಗ 'ಪ್ಯಾಕ್ಡ್ ಫೈಲ್ ಈಸ್ ಕರಪ್ಟ್' ಅಂತ ಬಂದರೆ ಫ್ಲಾಪಿ ಕೆಟ್ಟಿತು ಅಂತ ಎಸೆಯಬೇಡಿ. ಅದು ಎಕ್ಸಿಪ್ಯಾಕ್‌ನ ಮಾತು, ಎಷ್ಟೋ ಸಲ ಸುಳ್ಳು. ಡಾಸ್ 5 ತನ್ನನ್ನು ಮೇಲಿನ ಮೆಮೊರಿಗೆ ಹಾಕಿಕೊಂಡು ಕೆಳಗೆ ಜಾಗ ಬಿಟ್ಟಾಗ, ಪ್ರೋಗ್ರಾಮು ಮೊದಲ 64 ಕೆಬಿಯೊಳಗೆ ಬಂದು ಕೂರುತ್ತದೆ. ಬಿಚ್ಚುವ ಕೋಡು ಅಲ್ಲಿ ವಿಳಾಸ ಕಳೆಯುತ್ತಾ ಸೊನ್ನೆಗಿಂತ ಕೆಳಗಿಳಿದು ದಾರಿ ತಪ್ಪುತ್ತದೆ. ಹೆಸರಿನ ಮುಂದೆ 'ಲೋಡ್‌ಫಿಕ್ಸ್' ಸೇರಿಸಿ ಮತ್ತೆ ಓಡಿಸಿ. ಡಾಸ್‌ಬಾಕ್ಸಿನಲ್ಲೂ ಅದೇ ಹೆಸರಿನ ಕಮಾಂಡ್ ಇದೆ.